ಜಾರುಬಾಗಿಲ ಗಾಜು, ಅಂಟಿನ ನಂಟು

ಮಾರುತಿ ಓಮ್ನಿ 1984ರಲ್ಲಿ ಬಂತು, 2019ರಲ್ಲಿ ತಯಾರಿ ನಿಂತಿತು. ಆದರೆ ಅದು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಮಂದಿಗೆ ಕಲಿಸಿದ ವಿದ್ಯೆ ನಿಂತಿಲ್ಲ: ಮನೆಯ ಸಿಟ್ಟನ್ನೆಲ್ಲ ರಟ್ಟೆಗೆ ತಂದು ಜಾರುಬಾಗಿಲನ್ನು ‘ಧಡ್’ ಎನ್ನಿಸುವುದು.

ಈ ‘ಧಡ್’ ತಾಳಬೇಕಾದ ಗಾಜಿಗೆ ಹಳೆಯ ವ್ಯಾನುಗಳಲ್ಲಿ ರಬ್ಬರ್ ಬೀಡಿಂಗೇ ಆಧಾರ. ಅದರ ಸಂದಿಯಲ್ಲಿ ಹುರಿ ಸೇರಿಸಿ ಒಳಗಿನಿಂದ ಎಳೆದರೆ ಗಾಜು ಕೂತಂತೆಯೇ. ಅಂಟಿಸಿದ ಗಾಜಿಗೆ ಇಷ್ಟು ಸಸಾರ ಸಲ್ಲದು. ಪಕ್ಕದ ಗಾಜು ಸಾಮಾನ್ಯವಾಗಿ ಟಫನ್ಡ್. ಒಡೆದರೆ ಕಲ್ಲುಸಕ್ಕರೆಯಂತೆ ಉದುರುತ್ತದೆ, ಚೌಕಟ್ಟಿನಲ್ಲಿ ಕರಿ ಪಾಲಿಯುರೆಥೇನ್ ಅಂಟು ಉಳಿಯುತ್ತದೆ. ಅದನ್ನು ಪೂರ್ತಿ ಕೆರೆದು ತಗಡು ಹೊಳೆಯಿಸಿದವನು ಶ್ರಮಜೀವಿಯೇನೋ ಹೌದು, ತುಕ್ಕಿಗೆ ಕರೆಯೋಲೆ ಕೊಟ್ಟವನೂ ಅವನೇ. ಒಂದೆರಡು ಮಿಲಿಮೀಟರ್ ಹಳೆಯ ಅಂಟು ಬಿಟ್ಟು, ಗಾಜಿನಂಚಿಗೆ ಪ್ರೈಮರ್ ಹಚ್ಚಿ, ಹೊಸ ಅಂಟನ್ನು ಎಲ್ಲೂ ಕಡಿಯದ ಎಳೆಯಾಗಿ ಸುರಿದು ಗಾಜು ಒತ್ತಬೇಕು. ಜಾರದಂತೆ ಟೇಪು.

ತಮಾಷೆಯೆಂದರೆ ಈ ಅಂಟು ಗಾಳಿಯ ತೇವ ಕುಡಿದೇ ಗಟ್ಟಿಯಾಗುತ್ತದೆ. ಹಾನಗಲ್ಲಿನ ಮಳೆಗಾಲದ ಹವೆ ಅದಕ್ಕೆ ಹಿತವೇ. ಅಂಟಿಸುವ ಜಾಗ ಮಾತ್ರ ಒಣಗಿರಬೇಕು.

ಅಂಟು ಗಟ್ಟಿಯಾಗುವತನಕ ಬಾಗಿಲು ಬಡಿಯಬಾರದು. ಮುಚ್ಚಿದ ವ್ಯಾನಿನೊಳಗೆ ಸಿಕ್ಕಿಬಿದ್ದ ಗಾಳಿ ಹಸಿ ಗಾಜನ್ನು ಹೊರಕ್ಕೆ ನೂಕುತ್ತದೆ; ಅದಕ್ಕೇ ಒಂದು ಕಿಟಕಿ ತೆರೆದಿಡುವ ಪದ್ಧತಿ. ಇದನ್ನೆಲ್ಲ ಡ್ರೈವರು ವಿವರಿಸಿ, “ಮೆಲ್ಲಕ ಹಾಕ್ರಿ, ಕಾಕಾ” ಅಂದರೆ ಕಾಕಾ ಕೇಳುವುದು: “ಮೆಲ್ಲಕ ಹಾಕಿದ್ರ ಅದು ಬೀಳತೈತೇನಲೇ ತಮ್ಮಾ?”