ರೂಟಣ್ಣ

ಬೆಂಗಳೂರಿನ ಯಾವ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಹೋದರೂ ಅಲ್ಲೊಬ್ಬ ರೂಟಣ್ಣ ಸಿಕ್ಕೇ ಸಿಗುತ್ತಾನೆ. ಸಂಬಳದ ಚೀಟಿಯಲ್ಲಿ ಬೇರೇನೋ ಹೆಸರಿರುತ್ತದೆ. ಆದರೆ ಸರ್ವರಿನ ರೂಟ್ ಪಾಸ್‌ವರ್ಡ್ ಇರುವುದು ಅವನೊಬ್ಬನ ತಲೆಯಲ್ಲಿ. ಹಾಗಾಗಿ ಬೆನ್ನ ಹಿಂದೆ ಅವನು ರೂಟಣ್ಣ, ಎದುರಿಗೆ ‘ಸರ್’. ನಮ್ಮ ಎಂ.ಡಿ. ಮುಂದೆ ಕಾಲ ಮೇಲೆ ಕಾಲು ಹಾಕಿ ಕೂರುವ ಧೈರ್ಯ ಇದ್ದದ್ದು ಇಬ್ಬರಿಗೆ. ಒಬ್ಬರು ಎಂ.ಡಿ.ಯ ಮಾವ, ಇನ್ನೊಬ್ಬ ಇವನು.

ಮೌಸ್ ಮುಟ್ಟುವುದೆಂದರೆ ರೂಟಣ್ಣನಿಗೆ ಅವಮಾನ. ಕಪ್ಪು ಪರದೆ, ಬಿಳಿ ಅಕ್ಷರ, ಪಕ್ಕದಲ್ಲಿ ಆರಿದ ಕಾಫಿ. ಯಾರಾದರೂ ಹಿಂದೆ ಬಂದು ನಿಂತರೆ ಪರದೆ ತಟ್ಟನೆ ಖಾಲಿಯಾಗುತ್ತದೆ. ಏನು ಮಾಡಿದಿರಿ ಎಂದು ಕೇಳಿದರೆ ‘ಸ್ವಲ್ಪ ಕಾನ್ಫಿಗ್ ಇತ್ತು’ ಎನ್ನುತ್ತಾನೆ. ಬರೆದಿಡಿ ಎಂದರೆ ನಗುತ್ತಾನೆ.

ಅವನ ನಿಜವಾದ ವೈಭವ ನೋಡಬೇಕಾದರೆ ಲಿನಕ್ಸ್ ಸರ್ವರಿನಲ್ಲಿ ಅಪಾಚೆಗೂ ಟಾಮ್‌ಕ್ಯಾಟಿಗೂ ನಂಟು ಬೆಸೆಯುವ ದಿನ ಹೋಗಬೇಕು. ಅಪಾಚೆ ಕೂರುವುದು 80ನೇ ಪೋರ್ಟಿನಲ್ಲಿ, ಬಂದವರಿಗೆಲ್ಲ ಮುಖ ಕೊಡುತ್ತಾ. ಜಾವಾ ಸರ್ವ್‌ಲೆಟ್‌ಗಳನ್ನು ನಡೆಸುವ ಟಾಮ್‌ಕ್ಯಾಟ್ ಹಿಂದುಗಡೆ ಇರುತ್ತದೆ. ಇವೆರಡು ನೇರವಾಗಿ ಮಾತಾಡುವುದಿಲ್ಲ. ಮದುವೆ ಬ್ರೋಕರಿನ ಹಾಗೆ ಮಾಡ್‌-ಜೆಕೆ ಎಂಬ ಮಾಡ್ಯೂಲ್ ನಡುವೆ ಓಡಾಡಬೇಕು, ಅದೂ 8009ನೇ ಪೋರ್ಟಿನ ಮೂಲಕ. ಅಪಾಚೆ 1.3ಕ್ಕೆ ಕಂಪೈಲ್ ಮಾಡಿದ ಮಾಡ್ಯೂಲನ್ನು 2.0 ಹತ್ತಿರವೂ ಸೇರಿಸುವುದಿಲ್ಲ, 2.2ರದ್ದು 2.4ಕ್ಕೆ ಆಗುವುದಿಲ್ಲ. ಈ ಜಾತಕ ಹೊಂದಾಣಿಕೆಯನ್ನು ರೂಟಣ್ಣ ಎಷ್ಟು ಗಂಭೀರವಾಗಿ ಮಾಡುತ್ತಿದ್ದನೆಂದರೆ, ಊಟಕ್ಕೆ ಕರೆಯಲು ಹೋದವರು ಬಾಗಿಲಿನಿಂದಲೇ ಹಿಂತಿರುಗುತ್ತಿದ್ದರು.

ಟಾಮ್‌ಕ್ಯಾಟಿಗೆ ಆ ಹೆಸರಿಟ್ಟವರು ಸನ್ ಕಂಪನಿಯಲ್ಲಿದ್ದ ಜೇಮ್ಸ್ ಡಂಕನ್ ಡೇವಿಡ್‌ಸನ್. ಗಂಡುಬೆಕ್ಕು ಯಾರ ಹಂಗೂ ಇಲ್ಲದೆ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂಬುದು ಅವರ ಲೆಕ್ಕ. ಈ ಕತೆ ಕೇಳಿದ ರೂಟಣ್ಣ, ‘ತಾನೇ ನೋಡ್ಕೊಳ್ಳತ್ತಂತಾ? ಹಾಗಾದ್ರೆ ನನಗ್ಯಾಕ್ರೀ ಸಂಬಳ?’ ಎಂದು ಗುಡುಗಿದ. ಅವನ ಜೀವನಸಿದ್ಧಾಂತವೆಲ್ಲ ಆ ಪ್ರಶ್ನೆಯಲ್ಲೇ ಇತ್ತು ಅನ್ನುವುದು ಆಗ ನಮಗೆ ಹೊಳೆಯಲಿಲ್ಲ.

ಏಕೆಂದರೆ ನಮ್ಮ ಸೈಟಿಗೆ ಒಂದು ವಿಚಿತ್ರ ಕಾಯಿಲೆ. ಕರೆಂಟ್ ಹೋಗಿ, ಯುಪಿಎಸ್ಸೂ ಕೈಕೊಟ್ಟು ಸರ್ವರ್ ಮರಳಿ ಎದ್ದಿತೆಂದರೆ 503 ಎರರ್. ಅಪಾಚೆ ಎದ್ದಿರುತ್ತದೆ, ಟಾಮ್‌ಕ್ಯಾಟೂ ಎದ್ದಿರುತ್ತದೆ, ಮಾತುಕತೆ ಮಾತ್ರ ಇಲ್ಲ. ಮಳೆಗಾಲದಲ್ಲಿ ಇದು ಮಾಮೂಲು. ರೂಟಣ್ಣನಿಗೆ ಫೋನು ಹೋಗುತ್ತಿತ್ತು. ಅರ್ಧ ರಾತ್ರಿಯಾದರೂ ಆಟೋದಲ್ಲಿ ಬಂದು, ರೂಮಿನ ಚಿಲಕ ಹಾಕಿಕೊಂಡು, ಒಂದು ಗಂಟೆ ಬಿಟ್ಟು ಬೆವರೊರೆಸುತ್ತಾ ಹೊರಬರುತ್ತಿದ್ದ. ಸೈಟು ಓಡುತ್ತಿತ್ತು. ಆಟೋ ಬಾಡಿಗೆ ಕಂಪನಿಯ ಖಾತೆಗೆ.

ಒಳಗೆ ಅವನು ಹೊಡೆಯುತ್ತಿದ್ದದ್ದು ಒಂದೇ ಒಂದು ಕಮಾಂಡ್ ಎಂದು ಕಂಡುಹಿಡಿದವಳು ದಾವಣಗೆರೆಯಿಂದ ಹೊಸದಾಗಿ ಸೇರಿದ್ದ ಟ್ರೈನಿ. ನಮ್ಮ ಸರ್ವರಿನಲ್ಲಿದ್ದ ಸೆಂಟ್‌ಓಎಸ್ ಎಂಬ ಲಿನಕ್ಸಿನಲ್ಲಿ ಎಸ್‌ಇಲಿನಕ್ಸ್ ಎಂಬ ಕಾವಲುಗಾರನಿದ್ದಾನೆ. ಹೇಳಿ ಒಪ್ಪಿಗೆ ಪಡೆಯದ ಹೊರತು ಅವನು ಅಪಾಚೆಯನ್ನು ಬೇರೆ ಪೋರ್ಟಿನ ಜೊತೆ ಮಾತಾಡಲು ಬಿಡುವುದಿಲ್ಲ. ರೂಟಣ್ಣ ‘ಸೆಟ್‌ಎನ್‌ಫೋರ್ಸ್ 0’ ಎಂದು ಹೊಡೆದು ಆ ಕಾವಲನ್ನೇ ಸಡಿಲ ಬಿಡುತ್ತಿದ್ದ. ಆದರೆ ಅದರ ಆಯಸ್ಸು ಮುಂದಿನ ರೀಬೂಟಿನ ತನಕ ಮಾತ್ರ. ಉಳಿದ ಐವತ್ತೊಂಬತ್ತು ನಿಮಿಷ ಒಳಗೆ ಏನು ಮಾಡುತ್ತಿದ್ದ ಎಂದು ಕೇಳುವ ಧೈರ್ಯ ಇವತ್ತಿಗೂ ಯಾರಿಗೂ ಇಲ್ಲ.

ಹುಡುಗಿ ಮೆಲ್ಲಗೆ ಹೇಳಿದಳು: ‘ಸರ್, ಕಾವಲು ಹಾಗೇ ಇರ್ಲಿ. ಅಪಾಚೆಗೆ ನೆಟ್‌ವರ್ಕ್ ಒಪ್ಪಿಗೆ ಮಾತ್ರ ಕೊಡಬಹುದಲ್ವಾ? ಸೆಟ್‌ಎಸ್‌ಇಬೂಲ್ ಅಂತಿದೆ. ದೊಡ್ಡ ಪಿ ಸೇರಿಸಿದ್ರೆ ರೀಬೂಟ್ ಆದ್ರೂ ಉಳಿಯತ್ತೆ.’

‘ಗೊತ್ತಮ್ಮಾ,’ ಎಂದ ರೂಟಣ್ಣ. ‘ಪ್ರೊಡಕ್ಷನ್ ಸರ್ವರಲ್ಲಿ ಅಷ್ಟು ಸುಲಭಕ್ಕೆಲ್ಲ ಮಾಡಬಾರ್ದು.’

ಅವನು ಮಗಳ ನಾಮಕರಣಕ್ಕೆ ಊರಿಗೆ ಹೊರಟಾಗ ಎಂ.ಡಿ. ಹಟ ಹಿಡಿದು ಪಾಸ್‌ವರ್ಡ್ ಬರೆಸಿಕೊಂಡರು. ಹುಡುಗಿ ದೊಡ್ಡ ಪಿ ಸೇರಿಸಿದಳು.

ರೂಟಣ್ಣ ವಾಪಸಾದ ರಾತ್ರಿಯೇ ಗುಡುಗು ಸಹಿತ ಮಳೆ. ನಗರದ ಅರ್ಧ ಭಾಗಕ್ಕೆ ಕರೆಂಟಿಲ್ಲ. ಬೆಳಗಾಗುವ ತನಕ ಫೋನನ್ನು ಎದೆಯ ಮೇಲಿಟ್ಟುಕೊಂಡೇ ಮಲಗಿದ್ದನಂತೆ. ಕಸ ಗುಡಿಸುವವರಿಗಿಂತ ಮುಂಚೆ ಆಫೀಸಿಗೆ ಬಂದು ಕೂತಿದ್ದ.

‘ಕರೆಂಟ್ ಹೋಗಿತ್ತಾ?’

‘ಹೋಗಿತ್ತು ಸರ್.’

‘ಸರ್ವರ್ ಬಿದ್ದಿತ್ತಾ?’

‘ಬಿದ್ದಿತ್ತು ಸರ್. ಅದೇ ಎದ್ಕೊಳ್ತು. ಸೈಟೂ ಬಂತು. ಲಾಗಲ್ಲಿ ಒಂದೂ ಎರರ್ ಇಲ್ಲ.’

ರೂಟಣ್ಣ ತುಸು ಹೊತ್ತು ಪರದೆಯನ್ನೇ ದಿಟ್ಟಿಸಿದ. ಆಮೇಲೆ ತೋಳು ಮಡಿಸಿ ಕೀಬೋರ್ಡ್ ಹತ್ತಿರಕ್ಕೆಳೆದುಕೊಂಡ.

‘ಒಂದೂ ಎರರ್ ಇಲ್ಲ ಅಂದ್ರೆ ಲಾಗೇ ಸರಿಯಾಗಿ ಬರೀತಿಲ್ಲ ಅಂತರ್ಥ. ಯಾರೋ ಏನೋ ಮುಟ್ಟಿದ್ದೀರಿ. ಬಾಗಿಲು ಹಾಕ್ಕೊಂಡು ಹೋಗಿ, ಒಂದು ಗಂಟೆ ಬೇಕಾಗತ್ತೆ.’