ಇಂಪೋರ್ಟ್ ರಾಯರು

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವ ಸಾಫ್ಟ್‌ವೇರ್ ಕಚೇರಿಗೆ ಹೋದರೂ ಇಂಪೋರ್ಟ್ ರಾಯರೊಬ್ಬರು ಇದ್ದೇ ಇರುತ್ತಾರೆ. ಸಿಯಾಟಲ್‌ನಲ್ಲೂ ಇರುತ್ತಾರೆ, ಅಲ್ಲಿ ಹೆಸರು ಬೇರೆ. ವಯಸ್ಸು ಮೂವತ್ತೈದರ ಆಸುಪಾಸು. ಹುದ್ದೆಯಲ್ಲಿ ‘ಸೀನಿಯರ್’ ಎಂಬುದು ಒಮ್ಮೆಯಾದರೂ ಬಂದಿರಬೇಕು. ಕೋಡ್ ಬರೆಯುವುದನ್ನು ಎಐ ಸಹಾಯಕನಿಗೆ ಒಪ್ಪಿಸಿದ ಮೇಲೆ ಸಿಕ್ಕ ಬಿಡುವನ್ನೆಲ್ಲ ಅವರು ಅದಕ್ಕೆ ಬುದ್ಧಿವಾದ ಬರೆಯುವುದರಲ್ಲಿ ಕಳೆಯುತ್ತಾರೆ. ಕ್ಲಾಡ್ ಕೋಡ್ ಎಂಬ ಸಹಾಯಕ ಪ್ರಾಜೆಕ್ಟಿನಲ್ಲಿರುವ ಕ್ಲಾಡ್ ಡಾಟ್ ಎಂಡಿ ಎಂಬ ಸಾದಾ ಫೈಲನ್ನು ಓದಿಕೊಂಡೇ ಕೆಲಸಕ್ಕೆ ಇಳಿಯುತ್ತದೆ. ಟೆಸ್ಟ್ ಓಡಿಸುವ ಕಮಾಂಡ್ ಯಾವುದು, ಯಾವ ಫೋಲ್ಡರಿಗೆ ಕೈ ಹಾಕಬಾರದು, ಇಂಥವು ಅದರಲ್ಲಿರಬೇಕು. ನಲವತ್ತು ಸಾಲಿನಲ್ಲಿ ಮುಗಿಯುವ ವಿಷಯ. ಆದರೆ ಆ ಫೈಲಿನಲ್ಲಿ ಅಟ್ ಚಿಹ್ನೆ ಹಾಕಿ ಇನ್ನೊಂದು ಫೈಲಿನ ವಿಳಾಸ ಬರೆದರೆ ಅದೂ ಒಳಗೆ ಬರುತ್ತದೆ, ಇದಕ್ಕೆ ಇಂಪೋರ್ಟ್ ಎನ್ನುತ್ತಾರೆ ಎಂದು ಗೊತ್ತಾದದ್ದೇ ತಡ, ರಾಯರ ನಿದ್ದೆ ಹಾರಿತು. ನಲವತ್ತು ಸಾಲು ಹದಿನಾಲ್ಕು ಫೈಲಾಯಿತು. ಭದ್ರತೆಗೊಂದು, ಹೆಸರಿಡುವ ಪದ್ಧತಿಗೊಂದು, ಗಿಟ್ ಶಿಷ್ಟಾಚಾರಕ್ಕೊಂದು. ‘ಸಾಮಾನ್ಯ’ ಎಂಬುದೊಂದು, ಅದು ಇಂಪೋರ್ಟ್ ಮಾಡುವ ‘ಸಾಮಾನ್ಯ-ಮೂಲ’ ಇನ್ನೊಂದು. ಈ ಕೊನೆಯದರಲ್ಲಿ ಇರುವುದು ಒಂದೇ ವಾಕ್ಯ: ಅಚ್ಚುಕಟ್ಟಾದ ಕೋಡ್ ಬರೆ. ಇಂಪೋರ್ಟಿನೊಳಗಿನ ಇಂಪೋರ್ಟ್ ಐದು ಹಂತದಾಚೆ ಇಳಿಯುವುದಿಲ್ಲವೆಂದು ಕ್ಲಾಡ್ ಕೋಡ್‌ನ 2025ರ ಕೈಪಿಡಿ ಮಿತಿ ಹಾಕಿತ್ತು. ರಾಯರು ಅದನ್ನು ಗುರಿ ಎಂದು ಓದಿಕೊಂಡರು.

ಇವರನ್ನು ನೋಡಿ ನಗುವುದು ಸುಲಭ. ಆದರೆ ಈ ಚಟ ಹುಟ್ಟಿದ್ದು ಸದ್ಗುಣದ ಹೊಟ್ಟೆಯಲ್ಲೇ. 1972ರಲ್ಲಿ ಡೇವಿಡ್ ಪಾರ್ನಾಸ್, ಪ್ರೋಗ್ರಾಮನ್ನು ಯಾವ ಆಧಾರದ ಮೇಲೆ ಮಾಡ್ಯೂಲುಗಳಾಗಿ ಒಡೆಯಬೇಕು ಎಂದೇ ಒಂದು ಪ್ರಬಂಧ ಬರೆದರು. ಕೆಲಸ ನಡೆಯುವ ಕ್ರಮ ನೋಡಿ ಒಡೆಯಬೇಡಿ. ಮುಂದೆ ಬದಲಾಗಬಹುದಾದ ನಿರ್ಧಾರಗಳನ್ನು ಗುರುತಿಸಿ, ಒಂದೊಂದನ್ನು ಒಂದೊಂದು ಮಾಡ್ಯೂಲಿನೊಳಗೆ ಬಚ್ಚಿಡಿ ಎಂಬುದು ಅವರ ವಾದ. ಒಳಗಿನದು ಹೊರಗಿನವರಿಗೆ ಕಾಣದಿದ್ದರೆ ನಾಳೆ ಅದನ್ನು ಬದಲಿಸಿದಾಗ ಉಳಿದವರಿಗೆ ಬಿಸಿ ತಟ್ಟುವುದಿಲ್ಲ. ಅಂದರೆ ಒಡೆಯುವುದರ ಲಾಭವೆಲ್ಲ ಬಚ್ಚಿಡುವುದರಲ್ಲಿದೆ. ರಾಯರು ಒಡೆಯುವುದನ್ನು ಚೆನ್ನಾಗಿ ಕಲಿತರು. ಬಚ್ಚಿಡುವ ಪಾಠದ ದಿನ ಬಹುಶಃ ಕಾಲೇಜಿಗೆ ರಜೆ ಇತ್ತು.

ಸೂಚನೆಯ ಫೈಲಿನಲ್ಲಿ ಬಚ್ಚಿಡಲು ಜಾಗವೇ ಇಲ್ಲ. ಸಿ ಭಾಷೆಯ ‘ಇನ್‌ಕ್ಲೂಡ್’ ಹೇಗೆ ಒಂದು ಫೈಲಿನ ಪಠ್ಯವನ್ನು ಇನ್ನೊಂದರೊಳಗೆ ಸುರಿಯುತ್ತದೆಯೋ, ಇಲ್ಲಿಯ ಇಂಪೋರ್ಟೂ ಹಾಗೆಯೇ. ಕೆಲಸ ಶುರುವಾಗುವಾಗಲೇ ಹದಿನಾಲ್ಕೂ ಫೈಲು ಸಹಾಯಕನ ಮುಂದೆ ಬಂದು ಬೀಳುತ್ತವೆ. ತರಕಾರಿಯನ್ನು ಎಷ್ಟು ಬುಟ್ಟಿಯಲ್ಲಿ ತಂದರೇನು, ಹುಳಿ ಕುದಿಯುವುದು ಒಂದೇ ಕೊಳದಪ್ಪಲೆಯಲ್ಲಿ. ‘ಇಲ್ಲ ಸಾರ್, ಟೋಕನ್ ಉಳಿಯುತ್ತೆ’ ಎನ್ನುತ್ತಾರೆ ರಾಯರು, ಮೀಟಿಂಗಿನಲ್ಲಿ ಸ್ಲೈಡ್ ಕೂಡ ತೋರಿಸುತ್ತಾರೆ. ಒಂದೂ ಉಳಿಯುವುದಿಲ್ಲ. ಫೈಲಿನ ತಲೆಬರಹಗಳು ಸೇರಿ ಒಂದಿಷ್ಟು ಹೆಚ್ಚೇ ಖರ್ಚಾಗುತ್ತದೆ. ಸೂಚನೆ ಉದ್ದವಾದಷ್ಟೂ ಪಾಲನೆ ಸಡಿಲವಾಗುತ್ತದೆ, ಆದ್ದರಿಂದ ಒಂದು ಫೈಲು ಇನ್ನೂರು ಸಾಲಿನೊಳಗಿರಲಿ ಎಂದು ಉಪಕರಣದ ಕೈಪಿಡಿಯೇ ಹೇಳುತ್ತದೆ. ರಾಯರ ಯಾವ ಫೈಲೂ ಇನ್ನೂರು ದಾಟಿಲ್ಲ, ನಿಜ. ಕೂಡಿ ನೋಡಿದರೆ ಮೊದಲಿನ ನಲವತ್ತು ಸಾಲು ಏಳುನೂರಾಗಿದೆ. ಹೊಸ ಫೈಲು ತೆರೆದವರು ಅದರಲ್ಲಿ ಒಂದೇ ಸಾಲು ಬಿಟ್ಟು ಏಳುವುದಕ್ಕೆ ಸಂಕೋಚಪಡುತ್ತಾರಲ್ಲ, ಅದರ ಫಲ ಇದು.

‘ದೊಡ್ಡ ಫೈಲು ಓದೋಕಾಗಲ್ಲ, ಚಿಕ್ಕದಾದರೆ ಮನುಷ್ಯರಿಗಾದರೂ ಅನುಕೂಲ’ ಎಂಬ ಆಕ್ಷೇಪಣೆಯಲ್ಲಿ ತೂಕವಿದೆ. ಆದರೆ ಮನುಷ್ಯರು ಓದುವುದು ಬಿಡಿಬಿಡಿಯಾಗಿ, ಯಂತ್ರ ಓದುವುದು ಇಡಿಯಾಗಿ. ತಂಟೆ ಇರುವುದೇ ಅಲ್ಲಿ. ‘ಶೈಲಿ’ ಫೈಲಿನಲ್ಲಿ ಟ್ಯಾಬ್ ಬಳಸು ಎಂದಿದೆ, ‘ಸಾಮಾನ್ಯ’ದಲ್ಲಿ ನಾಲ್ಕು ಸ್ಪೇಸ್ ಬಿಡು ಎಂದಿದೆ. ಒಂದೇ ಪುಟದಲ್ಲಿದ್ದರೆ ಎರಡೂ ಕಣ್ಣಿಗೆ ಬಿದ್ದು ಯಾರೋ ಒಬ್ಬರು ನಾಚಿಕೊಂಡು ಅಳಿಸುತ್ತಿದ್ದರು. ಹದಿನಾಲ್ಕು ಕಡೆ ಹಂಚಿಹೋದ ಮೇಲೆ ಜಗಳ ಕಾಣುವುದು ಸಹಾಯಕನಿಗೆ ಮಾತ್ರ, ಅದು ತನಗೆ ತೋಚಿದ್ದನ್ನು ಮಾಡುತ್ತದೆ. ಕೋಡಿನಲ್ಲಾದರೆ ಇಂಪೋರ್ಟ್ ಕೆಟ್ಟರೆ ಗದ್ದಲವಾಗುತ್ತದೆ. 2016ರಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಂ ಎಂಬ ಪ್ಯಾಕೇಜ್ ಭಂಡಾರದಿಂದ ತೆಗೆದುಹಾಕಿದಾಗ ಸಾವಿರಾರು ಪ್ರಾಜೆಕ್ಟುಗಳು ಕೂಗಿಕೊಂಡವು, ಕೂಗಿದ್ದರಿಂದಲೇ ಬೇಗ ರಿಪೇರಿಯೂ ಆಯಿತು. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದ ಬುದ್ಧಿವಾದಕ್ಕೆ ಕಂಪೈಲರ್ ಇಲ್ಲ. ಐದು ಪ್ರಾಜೆಕ್ಟುಗಳು ಹಂಚಿಕೊಂಡ ಫೈಲಿನಲ್ಲಿ ರಾಯರು ಒಂದು ವಾಕ್ಯ ತಿದ್ದಿದರೆ ಉಳಿದ ನಾಲ್ಕು ಕಡೆ ಸಹಾಯಕನ ವರ್ತನೆ ಸದ್ದಿಲ್ಲದೆ ಬದಲಾಗುತ್ತದೆ. ಆ ಟೀಮಿನವರು ಮಾಡೆಲ್ಲೇ ಕೆಟ್ಟಿತೆಂದು ಅದನ್ನು ಮಾಡಿದ ಕಂಪನಿಯನ್ನು ಬೈಯುತ್ತಾರೆ.

ಹಾಗಾದರೆ ಈ ಸೌಲಭ್ಯ ಕೊಟ್ಟದ್ದಾದರೂ ಯಾಕೆ ಎಂದು ಕೇಳಬಹುದು. ಸರಿಯಾದ ಉಪಯೋಗವಿದೆ, ಅದಕ್ಕೆ ಪಾರ್ನಾಸರ ಬಳಿಗೇ ಹೋಗಬೇಕು: ವಿಷಯ ನೋಡಿ ಅಲ್ಲ, ಯಾರು ಯಾವಾಗ ಬದಲಿಸುತ್ತಾರೆ ಎಂದು ನೋಡಿ ಒಡೆಯುವುದು. ಒಂದು ಟೀಮಿನಲ್ಲಿ ಕೆಲವರು ಬೇರೆ ಸಹಾಯಕರನ್ನು ಬಳಸುತ್ತಾರೆ, ಅವಕ್ಕೆ ಏಜೆಂಟ್ಸ್ ಡಾಟ್ ಎಂಡಿ ಬೇಕು; ಆಗ ಕ್ಲಾಡ್ ಡಾಟ್ ಎಂಡಿಯಲ್ಲಿ ಅದನ್ನು ಕರೆಯುವ ಒಂದು ಸಾಲು ಇದ್ದರೆ ಒಂದೇ ಮಾತನ್ನು ಎರಡು ಕಡೆ ಬರೆಯುವುದು ತಪ್ಪುತ್ತದೆ. ಸ್ವಂತ ಅಭಿರುಚಿಗಳು ಮನೆಯ ಫೋಲ್ಡರಿನಲ್ಲಿದ್ದರೆ ಟೀಮಿನ ಗಿಟ್‌ಗೆ ಅಂಟಿಕೊಳ್ಳುವುದಿಲ್ಲ. ಭದ್ರತೆಯವರು ತಿದ್ದುವ ನಿಯಮ ಅವರ ಕೈಯಲ್ಲೇ ಇರಲಿ. ಟೋಕನ್ ನಿಜವಾಗಿ ಉಳಿಯಬೇಕೆಂದರೆ ದಾರಿ ಬೇರೆ: ಉಪಫೋಲ್ಡರಿನಲ್ಲಿಟ್ಟ ಕ್ಲಾಡ್ ಡಾಟ್ ಎಂಡಿಯನ್ನು ಸಹಾಯಕ ಆ ಫೋಲ್ಡರಿಗೆ ಕಾಲಿಟ್ಟಾಗ ಮಾತ್ರ ಓದುತ್ತದೆ, ರೂಲ್ಸ್ ಫೋಲ್ಡರಿನ ನಿಯಮಗಳನ್ನೂ ಇಂತಿಂಥ ಫೈಲಿಗೆ ಮಾತ್ರ ಎಂದು ಕಟ್ಟಿಹಾಕಬಹುದು. ಉಳಿದದ್ದಕ್ಕೆ ಒಂದೇ ಪರೀಕ್ಷೆ. ಈ ಸಾಲು ತೆಗೆದರೆ ಸಹಾಯಕ ತಪ್ಪು ಮಾಡುತ್ತದೆಯೇ? ಇಲ್ಲವಾದರೆ ತೆಗೆಯುವುದು. ಈ ಪರೀಕ್ಷೆ ನಡೆಸಿದರೆ ರಾಯರ ಹದಿನಾಲ್ಕರಲ್ಲಿ ಎರಡೋ ಮೂರೋ ಉಳಿದಾವು. ಅವರು ಒಪ್ಪಿಕೊಂಡು ತಲೆಯಾಡಿಸುತ್ತಾರೆ ಕೂಡ, ವಾದಕ್ಕೆ ಬೆಲೆ ಕೊಡುವ ಮನುಷ್ಯರೇ. ಆದರೆ ಬರೆದದ್ದನ್ನು ಅಳಿಸಲು ಕೈ ಬಾರದು. ‘ಹಳೆಯವು’ ಎಂಬ ಹೊಸ ಫೋಲ್ಡರ್ ಮಾಡಿ ಹನ್ನೊಂದನ್ನೂ ಅದಕ್ಕೆ ಸಾಗಿಸುತ್ತಾರೆ, ಯಾವುದಕ್ಕೂ ಇರಲಿ ಎಂದು ಮುಖ್ಯ ಫೈಲಿನಲ್ಲಿ ಅದಕ್ಕೊಂದು ಇಂಪೋರ್ಟ್ ಹಾಕುತ್ತಾರೆ.