ಮದರಾಸು ಕೋಟೆಯಲ್ಲಿ ಮೈಸೂರಿನ ಮಕ್ಕಳು

ಅಕ್ಕಾ, ಮಗಳ ಮನೆಗೆ ಅಂತ ಚೆನ್ನೈಗೆ ಹೊರಟಿದ್ದೀರಲ್ಲ, ನವೆಂಬರ್ 19 ಸೇರೋ ಹಾಗೆ ರೈಲಿಗೆ ಬುಕ್ ಮಾಡಿಸಿ. ಅವತ್ತಿಂದ ವಿಶ್ವ ಪರಂಪರೆ ಸಪ್ತಾಹ ಶುರು. ಮೊದಲನೇ ದಿನ ಪುರಾತತ್ವ ಇಲಾಖೆಯವರು ಟಿಕೆಟ್ ಇಲ್ಲದೆ ಒಳಗೆ ಬಿಡೋ ರೂಢಿ ಇದೆ. ನಾವು ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂ ನೋಡಿದ್ದು ಅಂಥ ದಿನವೇ. ಶುಕ್ರವಾರ ಮಾತ್ರ ಅಲ್ಲಿ ರಜೆ, ಅದೊಂದು ನೋಡಿಕೊಳ್ಳಿ.

ಇಂಗ್ಲಿಷರ ಕೋಟೆಗೂ ನಮಗೂ ಏನು ಸಂಬಂಧ ಅಂತೀರಾ? ಬುಡದಿಂದಲೇ ಇದೆ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರಿಗೆ ಆ ಕಡಲತೀರದ ಜಾಗ ಕೊಟ್ಟದ್ದು ವೆಂಕಟಾದ್ರಿ ನಾಯಕ. ವಿಜಯನಗರದ ಕೊನೆಯ ಅರಸು ಮನೆತನದ ಕೈಕೆಳಗಿನವನು. ಒಂದಿಷ್ಟು ಸರಕು ಇಟ್ಟುಕೊಳ್ಳೋಕೆ ಅಂತ ಬಂದವರು ಗೋಡೆ ಎಬ್ಬಿಸಿದರು. 1746ರಲ್ಲಿ ಫ್ರೆಂಚರು ಕೋಟೆ ಕಿತ್ತುಕೊಂಡರು, 1749ರಲ್ಲಿ ವಾಪಸು ಬಂತು. ಆಮೇಲೆ ಗೋಡೆ ಇನ್ನೂ ಗಟ್ಟಿ ಮಾಡಿದರು. ಒಳಗಿರೋ ಸೇಂಟ್ ಮೇರಿ ಚರ್ಚು 1680ರದು. ಗುಂಡು ಬಿದ್ದರೂ ತಡೀಲಿ ಅಂತ ಅದರ ಚಾವಣಿಯನ್ನೂ ದಪ್ಪ ಕಮಾನಾಗಿ ಕಟ್ಟಿದಾರೆ. ಕಂಪನಿಯ ರಾಬರ್ಟ್ ಕ್ಲೈವನ ಮದುವೆ ಆದದ್ದು ಅಲ್ಲೇ.

ಮ್ಯೂಸಿಯಂ ಇರೋದು 1795ರ ಕಟ್ಟಡದಲ್ಲಿ. ಕತ್ತಿ, ಬಂದೂಕು, ಸಮವಸ್ತ್ರ, ಪದಕ, ನಾಣ್ಯ ಎಲ್ಲ ಇವೆ. ಅವನ್ನೆಲ್ಲ ಬೇಗ ನೋಡಿ ಮುಗಿಸಿ. ನಿಲ್ಲಬೇಕಾದ್ದು ಟಿಪ್ಪುವನ್ನು ಸೋಲಿಸಿದ ಗವರ್ನರ್ ಜನರಲ್ ಕಾರ್ನ್‌ವಾಲಿಸನ ದೊಡ್ಡ ಅಮೃತಶಿಲೆಯ ಪ್ರತಿಮೆ ಮುಂದೆ. ಮುಖ ಬಿಡಿ, ಪೀಠ ನೋಡಿ. ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಅವನು ಒತ್ತೆಯಾಗಿ ತಗೊಳ್ಳೋ ದೃಶ್ಯ ಕೆತ್ತಿದೆ.

1792ರ ಶ್ರೀರಂಗಪಟ್ಟಣ ಒಪ್ಪಂದ ನಾವು ಶಾಲೇಲಿ ಓದಿದ್ದೇ. ಅರ್ಧ ರಾಜ್ಯ ಹೋಯ್ತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು. ಅದು ತೀರೋವರೆಗೆ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಅನ್ನೋ ಈ ಎಳೆಯ ಹುಡುಗರು ಮದರಾಸಿನಲ್ಲಿ ಇರಬೇಕಾಯ್ತು. ದೊಡ್ಡವನಿಗೆ ಹತ್ತರ ಆಸುಪಾಸು, ಚಿಕ್ಕವನಿಗೆ ಎಂಟು. ನಮ್ಮ ಬೀದೀಲಿ ಕ್ರಿಕೆಟ್ ಆಡೋ ಹುಡುಗರ ವಯಸ್ಸು, ಅಕ್ಕ! ಟಿಪ್ಪು ದಂಡ ಕಟ್ಟಿದ. 1794ರಲ್ಲಿ ಮಕ್ಕಳು ದೇವನಹಳ್ಳಿಯಲ್ಲಿ ಅಪ್ಪನ ಕೈ ಸೇರಿದರು. ಐದು ವರ್ಷಕ್ಕೆ, 1799ರ ಮೇ 4ರಂದು, ಅಪ್ಪನೇ ಇಲ್ಲವಾದ. ಮಕ್ಕಳಿಗೆ ಮತ್ತೆ ಸೆರೆವಾಸ, ಈ ಸಲ ವೆಲ್ಲೂರು ಕೋಟೆಯಲ್ಲಿ.

ಶಿಲ್ಪಿ ಪೀಠದ ಆ ದೃಶ್ಯ ಕೆತ್ತಿದ್ದು ಗೆದ್ದವನ ದೊಡ್ಡತನ ತೋರಿಸೋಕೆ. ನಾನು ನೋಡಿದ್ದು ಮನೆಬಿಟ್ಟು ಹೊರಟ ಮಕ್ಕಳನ್ನ. ಟಿಪ್ಪು ಬಗ್ಗೆ ಯಾರು ಏನೇ ಅನ್ನಲಿ, ದೊಡ್ಡವರ ಯುದ್ಧದ ಸಾಲಕ್ಕೆ ಮಕ್ಕಳನ್ನು ಅಡವಿಟ್ಟದ್ದು ಯಾವ ಕಾಲಕ್ಕೂ ಸರಿಯಲ್ಲ. ಅದನ್ನು ಕಲ್ಲಲ್ಲಿ ಕೆತ್ತಿಸಿ ಮೆರೆದದ್ದಂತೂ ಇನ್ನೂ ಸರಿಯಲ್ಲ.

ಹಾಗಂತ ಆ ಪ್ರತಿಮೆ ತೆಗೆದುಹಾಕಿ ಅನ್ನೋಳಲ್ಲ ನಾನು. ಅಲ್ಲೇ ಇರಲಿ, ನಮ್ಮ ಕಡೆಯ ಕಥೆ ಹೇಳೋರು ಪಕ್ಕದಲ್ಲಿ ನಿಂತಿರಲಿ. ಅದೇ ಮ್ಯೂಸಿಯಮ್ಮಿನಲ್ಲಿ 1947ರ ಆಗಸ್ಟ್ 15ರ ಬೆಳಿಗ್ಗೆ ಆ ಕೋಟೆಯ ಮೇಲೆ ಹಾರಿಸಿದ ರೇಷ್ಮೆ ಬಾವುಟವೂ ಇದೆ, ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಎರಡನ್ನೂ ಒಂದೇ ದಿನ ನೋಡಿದರೆ ನೂರೈವತ್ತು ವರ್ಷದ ಕಥೆ ತಾನಾಗೇ ಅರ್ಥವಾಗುತ್ತೆ.

ಆಧಾರ್ ಕಾರ್ಡ್ ಜೊತೇಲಿ ಇರಲಿ. ತಮಿಳುನಾಡು ಸರ್ಕಾರದ ಸಚಿವಾಲಯ ಅಲ್ಲೇ ಇರೋದರಿಂದ ತಪಾಸಣೆ ಜಾಸ್ತಿ. ಮೊಮ್ಮಕ್ಕಳನ್ನು ಬಿಟ್ಟು ಮಾತ್ರ ಹೋಗಬೇಡಿ. ಪೀಠದ ಹತ್ತಿರ ಕರೆದುಕೊಂಡು ಹೋಗಿ, ಆ ಹುಡುಗರ ಹೆಸರು ಹೇಳಿಕೊಡಿ.